ಮುಂದೊಬ್ಬ, ಹಿಂದೊಬ್ಬ

ಕೊರಟಗೆರೆ ಕಡೆಯ ಹಳ್ಳಿಗಳಲ್ಲಿ ಬೆಟ್ಟಕ್ಕೆ ಹೊರಟವರಿಗೆ ಹಿರಿಯರು ಹೇಳುವ ಮಾತು ಒಂದೇ: ‘ಒಬ್ಬೊಬ್ಬರೇ ಹೋಗ್ಬ್ಯಾಡ್ರಪ್ಪಾ, ಕರಡಿ ಇದಾವೆ.’ ಸಿದ್ಧರಬೆಟ್ಟ, ಚನ್ನರಾಯನದುರ್ಗ, ಮಧುಗಿರಿಯ ಸುತ್ತಲ ಗುಡ್ಡಗಳು, ಎಲ್ಲ ಕಡೆಯೂ ಬಂಡೆಯ ಸಂದುಗಳಲ್ಲಿ ಕರಡಿ, ಚಿರತೆ ಇಂದಿಗೂ ಬಾಳುತ್ತಿರುವ ಸೀಮೆ ಇದು. ಸೌದೆಗೆ ಹೋಗುವ ಹೆಂಗಸರು ಗುಂಪು ಕಟ್ಟಿಕೊಂಡೇ ಹೋಗುತ್ತಾರೆ. ಕುರಿ ಮೇಯಿಸುವವರು ಕೂಗಿದರೆ ಓಗೊಡುವಷ್ಟು ದೂರದಲ್ಲಿ ಇನ್ನೊಬ್ಬನಿದ್ದಾನೆಯೇ ಎಂದು ನೋಡಿಕೊಳ್ಳುತ್ತಾರೆ. ಇಲ್ಲಿ ಜೊತೆಗಾರ ಬೇಕಾಗಿರುವುದು ಮೊದಲು ಜೀವ ಉಳಿಸಿಕೊಳ್ಳುವುದಕ್ಕೆ. ನನ್ನ ಪ್ರಶ್ನೆ ಅದರಾಚೆಯದು. ಆ ಭಯವೇ ಇಲ್ಲದಿದ್ದರೂ ಕಾಡಿಗೆ ಗೆಳೆಯನ ಜೊತೆ ಹೋಗಬೇಕೇ? ಅಥವಾ ಮರ, ಹಕ್ಕಿ, ಗಾಳಿಗಳ ನಡುವೆ ಗೆಳೆಯನೂ ಹೊರೆಯೇ?

ಹೊರೆ ಎಂದವರು ದೊಡ್ಡವರೇ ಇದ್ದಾರೆ. ಇಂಗ್ಲೆಂಡಿನ ಪ್ರಬಂಧಕಾರ ವಿಲಿಯಂ ಹ್ಯಾಜ್ಲಿಟ್ 1822ರಲ್ಲಿ ಪ್ರಕಟಿಸಿದ, ಪ್ರಯಾಣ ಹೊರಡುವುದನ್ನು ಕುರಿತ ಪ್ರಬಂಧದಲ್ಲಿ, ಬಯಲಿಗೆ ಬಂದರೆ ನಿಸರ್ಗದ ಸಂಗವೇ ಸಾಕು, ನಡಿಗೆಯನ್ನೂ ಮಾತನ್ನೂ ಒಟ್ಟಿಗೆ ಕಟ್ಟಬಾರದು ಎಂದು ವಾದಿಸಿದ. ಅವನು ಕೊಡುವ ಒಂದು ಉದಾಹರಣೆ ನನಗೆ ಬಹಳ ಹಿಡಿಸಿದೆ. ದಾರಿಯಲ್ಲಿ ಅವರೆ ಜಾತಿಯ ಹೊಲವೊಂದರ ಹೂವಿನ ಕಂಪು ಬರುತ್ತದೆ. ನೀವು ಅದನ್ನು ಹೇಳುತ್ತೀರಿ. ಜೊತೆಗಾರನ ಮೂಗಿಗೆ ಅದು ತಾಗುವುದೇ ಇಲ್ಲ. ಅಲ್ಲಿಗೆ ಆ ಸುಖ ಕೆಟ್ಟಿತು. ಹ್ಯಾಜ್ಲಿಟ್‌ನ ಕಾಲಕ್ಕೆ ಇಂಗ್ಲೆಂಡಿನ ಕಾಡುಗಳಲ್ಲಿ ಕರಡಿ ಅಳಿದು ಶತಮಾನಗಳೇ ಕಳೆದಿದ್ದವು ಎಂಬುದನ್ನೂ ಇಲ್ಲಿ ನೆನೆಯಬೇಕು. ಒಂಟಿ ನಡಿಗೆಯ ಆದರ್ಶ ಹುಟ್ಟುವುದಕ್ಕೆ ಅಂಥದೊಂದು ನಿರ್ಭಯವಾದ ನೆಲವೂ ಬೇಕಾಗುತ್ತದೆ. ಆದರೆ ವಾದವನ್ನು ವಾದದಿಂದಲೇ ಎದುರಿಸೋಣ.

ಸಿದ್ಧರಬೆಟ್ಟದ ತಪ್ಪಲಿನ ಹಳ್ಳಿಯ ಗೆಳೆಯನೊಬ್ಬನಿದ್ದಾನೆ. ಎಳವೆಯಲ್ಲಿ ಆಡು ಕಾದವನು. ಮೆಟ್ಟಿಲಿನ ದಾರಿ ಬಿಟ್ಟು, ದನ ತುಳಿದು ಮಾಡಿದ ಕಾಲುದಾರಿಯಲ್ಲಿ ನಾವಿಬ್ಬರೂ ಆಗಾಗ ನಡೆಯುತ್ತೇವೆ. ಎರಡೂ ಬದಿಗೆ ಬಂದರೆ ಗಿಡ, ಕಾರೆ, ಎಲಚಿ, ಸೀತಾಫಲ. ನಡುನಡುವೆ ಎತ್ತರದ ಮರಗಳು. ದಾರಿ ಎಷ್ಟು ಕಿರಿದೆಂದರೆ ಅಕ್ಕಪಕ್ಕ ನಡೆಯಲಾಗದು. ಮುಂದೊಬ್ಬ, ಹಿಂದೊಬ್ಬ. ಮುಂದಿನವನ ಕಣ್ಣು ನೆಲದ ಮೇಲೆ: ಮುಳ್ಳು, ಸಡಿಲ ಕಲ್ಲು, ಹಾವು. ಆ ಕೆಲಸವನ್ನು ಅವನಿಗೆ ವಹಿಸಿದ್ದರಿಂದಲೇ ಹಿಂದಿನವನು ತಲೆಯೆತ್ತಿ ಕೊಂಬೆಗಳನ್ನು ನೋಡಬಲ್ಲ. ಸ್ವಲ್ಪ ದೂರ ಹೋದಮೇಲೆ ಹೇಳದೆಯೇ ಜಾಗ ಬದಲಾಗುತ್ತದೆ. ಒಬ್ಬನೇ ನಡೆದರೆ ಎರಡನ್ನೂ ಅರ್ಧರ್ಧ ಮಾಡಬೇಕು. ಹ್ಯಾಜ್ಲಿಟ್ ಜೊತೆಗಾರನನ್ನು ಮಾತಿನ ಮೂಲಕವೇ ಅಳೆದ. ನೋಟದ ದುಡಿಮೆಯನ್ನು ಹೀಗೆ ಹಂಚಿಕೊಳ್ಳಬಹುದು ಎಂಬುದು ಅವನ ಲೆಕ್ಕಕ್ಕೆ ಬರಲಿಲ್ಲ.

ಚಳಿಗಾಲದ ಒಂದು ಬೆಳಿಗ್ಗೆ ಮುಂದಿದ್ದ ಗೆಳೆಯ ತಟ್ಟನೆ ನಿಂತು ಕುಕ್ಕರಗಾಲಲ್ಲಿ ಕೂತ. ದಾರಿಯ ನಡುವೆ ಕಪ್ಪು ಮುದ್ದೆಯೊಂದು. ಕಡ್ಡಿಯಿಂದ ಬಿಡಿಸಿದ. ಒಳಗೆ ತುಂಬ ಎಲಚಿ ಬೀಜ, ಗೆದ್ದಲಿನ ತಲೆಗಳು, ಒಂದಿಷ್ಟು ಮಣ್ಣು. ‘ಕರಡೀದು ಕಣಯ್ಯ. ಹಳೇದು, ಒಳಗೆ ಪಸೆ ಇಲ್ಲ ನೋಡು.’ ಇನ್ನು ನಾಲ್ಕು ಹೆಜ್ಜೆಗೆ ಬುಡದಲ್ಲಿ ಕೆದಕಿದ ಹುತ್ತ. ನಾನೊಬ್ಬನೇ ಆಗಿದ್ದರೆ ಆ ಮುದ್ದೆಯನ್ನು ದಾಟಿ ಹೋಗುತ್ತಿದ್ದೆ. ಆ ಬೀಜಗಳು ಮಳೆ ಬಿದ್ದಾಗ ಅಲ್ಲೇ ಮೊಳೆಯಬಲ್ಲವು. ಕರಡಿ ತಿನ್ನುವ ಕಾಡನ್ನು ಕರಡಿಯೇ ಬಿತ್ತುತ್ತಿದೆ ಎಂಬ ತಿಳಿವು ಆ ಕಡ್ಡಿಯ ತುದಿಯಲ್ಲಿತ್ತು.

ಹಾಗಾದರೆ ಬೇಕಾದದ್ದು ಗೆಳೆಯನೋ, ದಾರಿ ತೋರಿಸುವ ಜಾಣನೋ? ಈ ಆಕ್ಷೇಪಕ್ಕೆ ತೂಕವಿದೆ. ಕೂಲಿ ಕೊಟ್ಟು ಕರೆದೊಯ್ದ ಮಾರ್ಗದರ್ಶಿಯೂ ಕರಡಿಯ ಲದ್ದಿ ತೋರಿಸಬಲ್ಲ. ಆದರೆ ಅವನು ತೋರಿಸುತ್ತಾನೆ, ನಾನು ನೋಡುತ್ತೇನೆ. ನನ್ನ ನೋಟದಿಂದ ಅವನಿಗೆ ಆಗಬೇಕಾದ್ದೇನೂ ಇಲ್ಲ. ಗೆಳೆಯನ ಬಗೆ ಬೇರೆ. ಬಂಡೆಯ ಮೇಲಿನ ಪೊದೆಯಲ್ಲಿ ಹಕ್ಕಿಯೊಂದು ಕೂಗಿದಾಗ ನಾನು ಹಳದಿ ಕೊರಳಿನ ಪಿಕಳಾರ ಎನ್ನುತ್ತೇನೆ. ದಕ್ಷಿಣ ಭಾರತದ ಇಂಥ ಕಲ್ಲುಗುಡ್ಡಗಳಲ್ಲಷ್ಟೇ ಇರುವ ಹಕ್ಕಿ ಅದು. ಕಾಣಬೇಕೆಂಬ ಆಸೆ ಕಿವಿಯನ್ನು ಮೋಸಗೊಳಿಸುವುದು ಸುಲಭ. ಗೆಳೆಯ ಒಪ್ಪುವುದಿಲ್ಲ, ‘ಕೆಮ್ಮೀಸೆದು ಇರ್ಬೇಕು’ ಎನ್ನುತ್ತಾನೆ. ಇಬ್ಬರೂ ಕಾಯುತ್ತೇವೆ. ನನ್ನ ಮೂಗಿಗೆ ಬಂದ ಕಂಪು ಅವನಿಗೆ ಬಾರದಿದ್ದರೆ ಸುಖ ಕೆಡುತ್ತದೆ ಎಂದ ಹ್ಯಾಜ್ಲಿಟ್. ನನಗೆ ತೋರುವುದು ಇದಕ್ಕೆ ತಿರುಗುಮುರುಗು. ಒಪ್ಪದ ಇನ್ನೊಬ್ಬನಿದ್ದಾಗಲೇ ಕಾಡು ನನ್ನ ಮನಸ್ಸಿನ ಹೊರಗಿದೆ ಎಂಬುದು ಖಾತ್ರಿಯಾಗುತ್ತದೆ. ಒಂಟಿಯಾಗಿ ಕಂಡದ್ದರಲ್ಲಿ ನೋಟವೆಷ್ಟು, ಬಯಕೆಯೆಷ್ಟು ಎಂದು ಬೇರ್ಪಡಿಸುವವರು ಯಾರು?

ಗೆಳೆತನದ ಬಗ್ಗೆ ಬರೆದವರಲ್ಲಿ ಈ ಮಾತಿಗೆ ತೀರ ಸಮೀಪ ಬಂದವನು ಅರಿಸ್ಟಾಟಲ್. ತನ್ನ ನೀತಿಶಾಸ್ತ್ರದ ಒಂಬತ್ತನೆಯ ಭಾಗದಲ್ಲಿ ಅವನು, ನಾವಿದ್ದೇವೆ ಎಂಬ ಅರಿವೇ ಸವಿಯಾದದ್ದು, ಗೆಳೆಯನಿದ್ದಾನೆ ಎಂಬುದನ್ನೂ ಅವನೊಡನೆ ಸೇರಿ ಅರಿಯಬೇಕು ಎನ್ನುತ್ತಾನೆ. ಅಲ್ಲಿಯವರೆಗೆ ನನ್ನದು ಪೂರ್ಣ ಒಪ್ಪಿಗೆ. ಮುಂದುವರಿದು, ಇದು ಮಾತು ಮತ್ತು ವಿಚಾರ ಹಂಚಿಕೊಳ್ಳುವುದರಿಂದ ಆಗುವಂಥದು, ದನಗಳ ಹಾಗೆ ಒಂದೇ ಕಡೆ ಮೇಯುವುದರಿಂದಲ್ಲ ಎನ್ನುತ್ತಾನೆ. ಇಲ್ಲಿ ನಾನು ಅವನನ್ನು ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಗೆ ಕರೆಯಬಯಸುತ್ತೇನೆ. ಅಲ್ಲಿನ 798 ಎಕರೆ ಬಯಲು 2007ರಲ್ಲಿ ಜಯಮಂಗಲಿ ಕೃಷ್ಣಮೃಗ ಸಂರಕ್ಷಿತ ಪ್ರದೇಶವಾಯಿತು. ಹಿಂಡನ್ನು ಒಂದಿಷ್ಟು ಹೊತ್ತು ಗಮನಿಸಿದರೆ ಸಾಕು: ಕೆಲವು ತಲೆ ಹುಲ್ಲಿಗೆ ಬಾಗಿರುತ್ತವೆ, ಕೆಲವು ಎದ್ದು ದಿಗಂತ ನೋಡುತ್ತಿರುತ್ತವೆ, ನೋಡುತ್ತಿದ್ದದ್ದು ಬಾಗುತ್ತದೆ, ಬಾಗಿದ್ದದ್ದು ಏಳುತ್ತದೆ. ಒಂದರ ಎಚ್ಚರವನ್ನು ನಂಬಿ ಇನ್ನೊಂದು ಮೇಯುತ್ತದೆ. ಒಟ್ಟಿಗೆ ಮೇಯುವುದೆಂದರೆ ಕಣ್ಣುಗಳನ್ನು ಒಟ್ಟು ಮಾಡಿಕೊಳ್ಳುವುದು. ಮಾತಿಗಿಂತ ಬಹಳ ಹಳೆಯದಾದ ಈ ಜೊತೆತನವನ್ನು ಅರಿಸ್ಟಾಟಲ್ ಹಗುರವಾಗಿ ತಳ್ಳಿಹಾಕಿದ. ಕಾಲುದಾರಿಯಲ್ಲಿ ಮೌನವಾಗಿ ನಡೆಯುವ ಇಬ್ಬರು ಅದನ್ನೇ ಮರಳಿ ಪಡೆಯುತ್ತಾರೆ.

ಏಕಾಂತಕ್ಕೆ ಬೆಲೆಯಿಲ್ಲ ಎಂದು ನಾನು ಹೇಳುತ್ತಿಲ್ಲ. ಸಿದ್ಧರು ಗವಿಯಲ್ಲಿ ಕೂತು ತಪಸ್ಸು ಮಾಡಿದರೆಂಬ ನಂಬಿಕೆಯಿಂದಲೇ ಆ ಬೆಟ್ಟಕ್ಕೆ ಆ ಹೆಸರು. ತನ್ನೊಳಗನ್ನು ನೋಡಿಕೊಳ್ಳುವವನಿಗೆ ಒಂಟಿತನ ಬೇಕು, ಸರಿ. ಆದರೆ ಕಣ್ಣು ಮುಚ್ಚಿ ಕೂತವನಿಗೆ ಗವಿಯಾದರೇನು, ಮನೆಯ ಕೋಣೆಯಾದರೇನು? ಕಾಡನ್ನೇ ನೋಡಬೇಕೆಂದು ಹೊರಟವನ ಮಾತು ಬೇರೆ. ದುಃಖದಲ್ಲಿ ಒಂಟಿಯಾಗಿರಬೇಕು ಎನ್ನುವುದನ್ನೂ ನಾನು ಈಗ ಸುಲಭಕ್ಕೆ ಒಪ್ಪಲಾರೆ. ಗೆಳೆಯನ ತಂದೆ ತೀರಿಕೊಂಡ ವರ್ಷ ಅವನ ಮನೆಯಲ್ಲಿ ಎದುರುಬದುರು ಕೂತಾಗ ನನಗೆ ಮಾತು ಹೊರಡಲಿಲ್ಲ, ಅವನಿಗೆ ಅದು ಬೇಕಾಗಿಯೂ ಇರಲಿಲ್ಲ. ಬೆಟ್ಟದ ದಾರಿಯಲ್ಲಿ ಇಬ್ಬರ ಮುಖವೂ ಒಂದೇ ದಿಕ್ಕಿಗಿತ್ತು. ಯಾರೂ ಯಾರನ್ನೂ ಸಂತೈಸಬೇಕಾಗಿರಲಿಲ್ಲ. ಯಾವುದೋ ಗಿಡದ ಬಳಿ ನಿಂತು, ಇದರ ಬೇರನ್ನು ಅಪ್ಪ ಇಂಥದಕ್ಕೆ ತೇಯ್ದು ಕೊಡುತ್ತಿದ್ದರು ಎಂದು ಅವನೇ ಹೇಳಿದ. ಅಷ್ಟೇ.

ಸಂಖ್ಯೆ ಹೆಚ್ಚಿದಷ್ಟೂ ಲಾಭ ಎಂದೂ ಇದರ ಅರ್ಥವಲ್ಲ. ರಜೆಯ ದಿನ ಸ್ಪೀಕರ್ ಹಿಡಿದು ಗುಂಪುಗುಂಪಾಗಿ ಬೆಟ್ಟ ಹತ್ತುವವರಲ್ಲಿ ಕಣ್ಣುಗಳು ಬಹಳ, ನೋಡುವವರು ಕಡಿಮೆ. ಅವರು ಬಿಸಾಡಿದ ಬಾಟಲಿಗಳನ್ನು ಕಂಡಾಗ ಹೊಟ್ಟೆ ಉರಿಯುತ್ತದೆ. ಇಬ್ಬರು, ಹೆಚ್ಚೆಂದರೆ ಮೂವರು. ಅದರಾಚೆಗೆ ನಡಿಗೆ ಮೆರವಣಿಗೆಯಾಗುತ್ತದೆ.

ಈ ವಾದಕ್ಕೆ ನಮ್ಮ ಸೀಮೆಯಲ್ಲಿ ಬೇರೆಡೆಗಿಂತ ಹೆಚ್ಚು ಅವಸರವಿದೆ. ಮಲೆನಾಡಿನ ಕಾಡು ತನ್ನನ್ನು ತಾನೇ ತೋರಿಸಿಕೊಳ್ಳುತ್ತದೆ. ಬಯಲುಸೀಮೆಯ ಕುರುಚಲು ಕಾಡು ಹಾಗಲ್ಲ; ರಸ್ತೆಯಿಂದ ನೋಡಿದವನಿಗೆ ಅದು ಬರೀ ಬೀಳು. ಶಿರಾ ತಾಲ್ಲೂಕಿನ ಬುಕ್ಕಾಪಟ್ಟಣದ ಕಮರದ ಕಾಡಿನಲ್ಲಿ ಚಿಂಕಾರ ಎಂಬ ಹುಲ್ಲೆ ಇರುವುದನ್ನು ವನ್ಯಜೀವಿ ವಿಜ್ಞಾನಿ ಸಂಜಯ್ ಗುಬ್ಬಿಯವರ ತಂಡ ಕ್ಯಾಮೆರಾ ಟ್ರ್ಯಾಪ್‌ಗಳಲ್ಲಿ ದಾಖಲಿಸಿತು; 2019ರಲ್ಲಿ ಆ ಕಾಡು ಚಿಂಕಾರ ವನ್ಯಜೀವಿಧಾಮವಾಯಿತು. ಒಬ್ಬನ ಬಾಯಿಮಾತಿನಿಂದ ವನ್ಯಧಾಮ ಆಗುವುದಿಲ್ಲ. ಕಂಡದ್ದನ್ನು ಇನ್ನೊಬ್ಬರು ನೋಡಿ, ಹೌದು ಎನ್ನುವಂತಾಗಬೇಕು. ಅದೇ ತಾಲ್ಲೂಕಿನ ಕಗ್ಗಲಡುವಿನಲ್ಲಿ ನಡಿಗೆಯೂ ಬೇಕಿಲ್ಲ. ಬಣ್ಣದ ಕೊಕ್ಕರೆಗಳು ಊರೊಳಗಿನ ಹುಣಸೆಮರಗಳಲ್ಲೇ ಗೂಡು ಕಟ್ಟುತ್ತವೆ. ಜಗಲಿಯ ಮೇಲೆ ಕೂತ ಮುದುಕರು, ಶಾಲೆಗೆ ಹೊರಟ ಮಕ್ಕಳು, ಕೊಡ ಹೊತ್ತ ಹೆಂಗಸರು ಎಲ್ಲರೂ ಅದೇ ಗೂಡುಗಳನ್ನು ನೋಡುತ್ತಾರೆ, ಮತ್ತು ಊರಿಗೆ ಊರೇ ಅವುಗಳನ್ನು ಕಾಯುತ್ತದೆ.