ಅಸ್ತ್ರದ ಪ್ರಯೋಗ ಮತ್ತು ಉಪಸಂಹಾರ

ಬೆಂಗಳೂರಿನ ದಂಡುಪ್ರದೇಶವು 1809ರಲ್ಲಿ ಬ್ರಿಟಿಷ್ ಸೈನ್ಯಕ್ಕಾಗಿ ರೂಪುಗೊಂಡಿತು. ಶಿವಾಜಿನಗರದ ಆಸುಪಾಸಿನ ಇನ್‌ಫೆಂಟ್ರಿ ರಸ್ತೆಯೂ ಈಗ ಕಾಮರಾಜ ರಸ್ತೆಯೆನಿಸಿರುವ ಹಿಂದಿನ ಕ್ಯಾವಲ್ರಿ ರಸ್ತೆಯೂ ಅಂದಿನ ಕಾಲಾಳು, ಕುದುರೆ ದಳಗಳ ನೆನಪನ್ನು ಹೊತ್ತ ಹೆಸರುಗಳು. ಅದೇ ಶಿವಾಜಿನಗರದಲ್ಲಿ ಧರ್ಮರಾಜ ಕೋಯಿಲ್ ಬೀದಿಯೂ ಇದೆ. ಗಾಂಡೀವಧಾರಿಯಾದ ಅರ್ಜುನನನ್ನಾಗಲಿ, ಗದಾಪಾಣಿಯಾದ ಭೀಮನನ್ನಾಗಲಿ ನೆನೆಯದೆ, ಯಾವ ಅಸ್ತ್ರದಿಂದಲೂ ಪ್ರಸಿದ್ಧನಾಗದ ಹಿರಿಯಣ್ಣನನ್ನು ಆ ಬೀದಿ ನೆನೆಯುತ್ತದೆ. ಆದರೆ ಭಾರತದ ಕಥೆ ಕೇಳುವ ಮಕ್ಕಳ ಮೊದಲ ಪ್ರಶ್ನೆ, ಯಾರ ಅಸ್ತ್ರ ದೊಡ್ಡದು ಎಂಬುದೇ. ಬೆಳೆದವರೂ ಆ ಪ್ರಶ್ನೆಯನ್ನು ಪೂರ್ತಿಯಾಗಿ ಬಿಟ್ಟಿರುವುದಿಲ್ಲ.

ಇದಕ್ಕೆ ಸೌಪ್ತಿಕಪರ್ವದಲ್ಲಿ ಒಂದು ಉತ್ತರವಿದೆ. ಬ್ರಹ್ಮಶಿರಾಸ್ತ್ರವನ್ನು ದ್ರೋಣರಿಂದ ಕಲಿತವರು ಇಬ್ಬರು, ಅರ್ಜುನ ಮತ್ತು ಅಶ್ವತ್ಥಾಮ. ಅಶ್ವತ್ಥಾಮನು ಹುಲ್ಲುಕಡ್ಡಿಯೊಂದಕ್ಕೆ ಮಂತ್ರ ಹೂಡಿ ಬಿಟ್ಟನು. ಅರ್ಜುನನೂ ಪ್ರತಿಯಾಗಿ ಬಿಟ್ಟನು. ವ್ಯಾಸ, ನಾರದರು ನಡುವೆ ನಿಂತಾಗ ಅರ್ಜುನನು ತನ್ನ ಅಸ್ತ್ರವನ್ನು ಹಿಂತೆಗೆದುಕೊಂಡನು. ಅಶ್ವತ್ಥಾಮನಿಗೆ ಅದು ಸಾಧ್ಯವಾಗಲಿಲ್ಲ. ಅವನ ಅಸ್ತ್ರ ಉತ್ತರೆಯ ಗರ್ಭದ ಶಿಶುವಿನ ಮೇಲೆ ಬಿದ್ದಿತು. ಇಬ್ಬರ ವಿದ್ಯೆಯೂ ಒಂದೇ, ಗುರುವೂ ಒಬ್ಬನೇ. ಉಪಸಂಹಾರಕ್ಕೆ ಬೇಕಾದ ಬ್ರಹ್ಮಚರ್ಯ, ಸತ್ಯಗಳು ಅರ್ಜುನನಲ್ಲಿದ್ದವು. ಪ್ರಯೋಗಕ್ಕೆ ವಿದ್ಯೆ ಸಾಕು, ಉಪಸಂಹಾರಕ್ಕೆ ಸಂಯಮ ಬೇಕು.

ಕ್ರಿ.ಶ. 941ರ ಸುಮಾರಿಗೆ ಮಹಾಕವಿ ಪಂಪನು ಕನ್ನಡಿಸಿದ ಆದಿಪುರಾಣದ ಕಥೆ ಇದಕ್ಕಿಂತ ಮುಂದೆ ಹೋಗುತ್ತದೆ. ಷಟ್ಖಂಡವನ್ನು ಗೆದ್ದು ಮರಳಿದ ಭರತನ ಚಕ್ರರತ್ನ ಅಯೋಧ್ಯೆಯ ಹೊರಗೇ ನಿಂತಿತು. ತಮ್ಮಂದಿರು ಇನ್ನೂ ತಲೆಬಾಗಿರಲಿಲ್ಲ. ಸೇನೆಗಳ ಕೊಲೆ ಬೇಡವೆಂದು ಅಣ್ಣತಮ್ಮಂದಿರು ದೃಷ್ಟಿ, ಜಲ, ಮಲ್ಲಯುದ್ಧಗಳಿಗೆ ಒಪ್ಪಿದರು. ಮೂರರಲ್ಲಿಯೂ ಸೋತ ಭರತನು ಕೋಪದಿಂದ ಒಪ್ಪಂದವನ್ನು ಮರೆತು ಚಕ್ರವನ್ನು ಬಿಟ್ಟನು. ಅದು ಬಾಹುಬಲಿಗೆ ಪ್ರದಕ್ಷಿಣೆ ಬಂದು ನಿಂತಿತು. ದೇಹಕ್ಕೆ ಗಾಯವಾಗಲಿಲ್ಲ, ಆದರೆ ಮನಸ್ಸಿಗೆ ಆಯಿತು. ಬಾಹುಬಲಿ ರಾಜ್ಯವನ್ನು ತೊರೆದು ವರ್ಷಕಾಲ ಪ್ರತಿಮಾಯೋಗದಲ್ಲಿ ನಿಂತರೂ, ತನ್ನಿಂದ ಅಣ್ಣನಿಗೆ ನೋವಾಯಿತೆಂಬ ಅಳುಕು ಉಳಿದಿತ್ತು. ಭರತನೇ ಬಂದು ಪೂಜಿಸಿದಾಗ ಅದು ಕರಗಿ ಕೇವಲಜ್ಞಾನ ಉದಿಸಿತು. ಚಕ್ರದ ನಿಜವಾದ ಉಪಸಂಹಾರ ನಡೆದದ್ದು ಅಂದು.

ಹಾಗಾದರೆ ಗೃಹಸ್ಥನು ಆಯುಧವನ್ನೇ ಹಿಡಿಯಬಾರದೆ? ಶಾಸ್ತ್ರವು ಹಾಗೆ ವಿಧಿಸುವುದಿಲ್ಲ. ಆತ್ಮರಕ್ಷಣೆಯಲ್ಲಿ ಒದಗುವ ವಿರೋಧಿ ಹಿಂಸೆಯನ್ನು, ಬೇಕೆಂದೇ ಮಾಡುವ ಸಂಕಲ್ಪಿ ಹಿಂಸೆಯಿಂದ ಅದು ಬೇರ್ಪಡಿಸಿ ಹೇಳುತ್ತದೆ. ಶ್ರವಣಬೆಳಗೊಳದಲ್ಲಿ ಕ್ರಿ.ಶ. 981ರ ಸುಮಾರಿಗೆ ಗೊಮ್ಮಟನನ್ನು ನಿಲ್ಲಿಸಿದ ಚಾವುಂಡರಾಯನು ಗಂಗರ ದಂಡನಾಯಕ, ಅನೇಕ ಯುದ್ಧಗಳನ್ನು ಕಂಡವನು. ಆದರೆ ಅವನು ಪೂಜೆಗೆ ಕಡೆಸಿದ್ದು ಗೆದ್ದೂ ತೊರೆದವನ ಬಿಂಬವನ್ನು. ಅನುಮತಿ ಇದ್ದ ಮಾತ್ರಕ್ಕೆ ಕರ್ಮಬಂಧ ತಪ್ಪುವುದಿಲ್ಲವೆಂಬುದನ್ನು ಜೈನ ರಾಮಾಯಣ ಕಟುವಾಗಿಯೇ ಹೇಳುತ್ತದೆ. ರಾವಣನು ಬಿಟ್ಟ ಚಕ್ರ ಲಕ್ಷ್ಮಣನ ಕೈಸೇರಿತು. ಅದರಿಂದಲೇ ಅವನು ರಾವಣನನ್ನು ಕೊಂದನು. ನ್ಯಾಯ ಅವನ ಪಕ್ಷದಲ್ಲಿಯೇ ಇತ್ತು. ಆದರೂ ಲಕ್ಷ್ಮಣನಿಗೆ ನರಕ, ಮುಂದೆ ದೀಕ್ಷೆ ವಹಿಸಿದ ರಾಮನಿಗೆ ಮೋಕ್ಷ.

ಇಂದಿನ ಶ್ರಾವಕನ ಬತ್ತಳಿಕೆಯಲ್ಲಿ ಬಾಣಗಳಿಲ್ಲ. ಆದರೆ ಪಾಲುದಾರಿಕೆಯ ಪತ್ರ, ವಕೀಲರ ನೋಟೀಸು, ಲೆಕ್ಕದ ಪುಸ್ತಕ, ಬಸದಿಯ ಟ್ರಸ್ಟಿನ ಸಭೆಯಲ್ಲಿ ಆಡುವ ಕಟುಮಾತು ಇವೆಲ್ಲ ಇವೆ. ಅಂಗಡಿಯ ಪಾಲಿಗಾಗಿ ಅಣ್ಣ ಹೂಡಿದ ದಾವೆಯಲ್ಲಿ ನ್ಯಾಯ ಅಣ್ಣನದೇ ಇರಬಹುದು. ಅದು ಮೇಲಿನ ನ್ಯಾಯಾಲಯಗಳನ್ನು ಹತ್ತುವ ಹೊತ್ತಿಗೆ, ಚಿಕ್ಕಪ್ಪನ ಮುಖವನ್ನೇ ಕಾಣದೆ ಬೆಳೆದ ಮಕ್ಕಳು ಆ ಹಗೆಯ ವಾರಸುದಾರರಾಗಿರುತ್ತಾರೆ. ಉತ್ತರೆಯ ಗರ್ಭದ ಮೇಲೆ ಬಿದ್ದ ಅಸ್ತ್ರವೆಂದರೆ ಇದೇ. ಪಾಲು ಕೇಳುವುದು ತಪ್ಪಲ್ಲ. ದಾವೆಗೆ ಸಹಿ ಹಾಕುವ ಮುನ್ನ, ಇದನ್ನು ಹಿಂತೆಗೆದುಕೊಳ್ಳುವ ಶಕ್ತಿ ತನ್ನಲ್ಲಿದೆಯೇ ಎಂದು ಕೇಳಿಕೊಳ್ಳದಿರುವುದು ತಪ್ಪು.

ಆ ಶಕ್ತಿಯ ಅಭ್ಯಾಸಕ್ಕೆ ಪೂರ್ವಿಕರು ಒಂದು ಕ್ರಿಯೆಯನ್ನೇ ಕೊಟ್ಟುಹೋಗಿದ್ದಾರೆ. ಪ್ರತಿಕ್ರಮಣವೆಂದರೆ ಮರಳಿ ಹೆಜ್ಜೆ ಇಡುವುದು. ದಿಗಂಬರರ ಕ್ಷಮಾವಣಿ, ಶ್ವೇತಾಂಬರರ ಸಂವತ್ಸರಿ ಎರಡರ ತಿರುಳೂ ಅದೇ. ಆ ದಿನ ಪರಿಚಿತರೆಲ್ಲರ ಕ್ಷಮೆ ಕೇಳಿ, ದಾವೆಯಲ್ಲಿ ಎದುರಾಳಿಯಾದ ಒಡಹುಟ್ಟಿದವನ ಬಾಗಿಲನ್ನು ಮಾತ್ರ ದಾಟಿಹೋಗುವವನ ಚಕ್ರ ಇನ್ನೂ ಊರ ಹೊರಗೇ ನಿಂತಿದೆ.