ಅರಿವೆಯ ಆಸೆ, ಉಳಿತಾಯದ ಮನೆ

ಹಿಂಗಾರಿ ಜೋಳದ ರಾಶಿ ಮುಗಿದು ಲಗ್ನಸರಾಯಿ ಬಂದಿತೆಂದರೆ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಕಡೆಯ ಜವಳಿ ಅಂಗಡಿಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಎರಡೂ ಕಡೆಯ ಬೀಗರು ಟೆಂಪೊ ಮಾಡಿಕೊಂಡು ಬಸ್ತಾ ತರಲು ಬರುತ್ತಾರೆ. ವರ್ಷವಿಡೀ ಒಂದು ಕಪ್ಪು ಚಹಾಕ್ಕೂ ಲೆಕ್ಕ ಹಿಡಿಯುವ, ಪರವೂರಿಗೆ ಹೊರಟರೆ ರೊಟ್ಟಿ ಬುತ್ತಿ ಕಟ್ಟಿಕೊಂಡೇ ಹೊರಡುವ ಗೃಹಸ್ಥರು ಅಂಗಡಿಯ ಗಾದಿಯ ಮೇಲೆ ಕುಳಿತು, ಅರ್ಧ ದಿನದೊಳಗೆ ಹೊಲದ ಒಂದು ಪೀಕಿನ ಹಣವನ್ನು ಗಂಟು ಕಟ್ಟಿಸಿಕೊಂಡು ಮೇಲೇಳುತ್ತಾರೆ. ಇವರನ್ನು ದುಂದುಗಾರರೆಂದು ಕರೆಯಲು ಬಾಯಿ ಬಾರದು. ಊಟದಲ್ಲಿ, ಮನೆಯಲ್ಲಿ, ಪ್ರಯಾಣದಲ್ಲಿ ಇಷ್ಟು ಕೈ ಬಿಗಿಹಿಡಿದು ಬದುಕುವವರು ಅರಿವೆಯ ವಿಷಯಕ್ಕೆ ಬಂದಾಗ ಮಾತ್ರ ಕೈ ಸಡಿಲ ಬಿಡುವುದೇಕೆ? ಈ ಸಲದ ಪುಟದಲ್ಲಿ ಇದೊಂದನ್ನು ಸದ್ಭಕ್ತರೊಡನೆ ವಿಚಾರ ಮಾಡಬೇಕೆಂದಿದ್ದೇವೆ.

ಡಂಭಾಚಾರ ಎಂದು ಒಂದೇ ಮಾತಿನಲ್ಲಿ ತೀರ್ಪು ಕೊಡುವವರಿದ್ದಾರೆ. ನಮಗೆ ಅದು ಪೂರ್ತಿ ಒಪ್ಪಿಗೆಯಿಲ್ಲ. ಮಿತವ್ಯಯದಿಂದ ಬದುಕುವವನ ಮನಸ್ಸಿನೊಳಗೆ ಒಂದು ಗುಪ್ತ ಖಾತೆ ಇರುತ್ತದೆ. ಬಸ್ಸಿನ ಬದಲು ನಡೆದು ಬಂದದ್ದು, ಹಬ್ಬಕ್ಕೆ ಹೊಸದು ಬೇಡವೆಂದದ್ದು, ಮುರಿದ ಕೊಡೆಯನ್ನು ರಿಪೇರಿ ಮಾಡಿಸಿದ್ದು ಎಲ್ಲವೂ ಆ ಖಾತೆಯ ಜಮಾ ಬದಿಗೆ ಏರುತ್ತ ಹೋಗುತ್ತವೆ. ಒಂದು ದಿನ ಅಂಗಡಿಯ ದೀಪದ ಬೆಳಕಿನಲ್ಲಿ ಸೀರೆಯ ಮಡಿಕೆ ಬಿಚ್ಚಿದೊಡನೆ ಒಳಗಿನ ಮನಸ್ಸು ಹೇಳುತ್ತದೆ: ‘ಇಷ್ಟೆಲ್ಲ ಉಳಿಸಿದೆವಲ್ಲ, ಇದೊಂದನ್ನು ತೆಗೆದುಕೊಂಡರೇನು?’ ಹೀಗೆ ಆಸೆಯು ಹಕ್ಕಿನ ವೇಷ ಹಾಕಿಕೊಂಡು ಬರುತ್ತದೆ. ದುಂದುಗಾರನಿಗೆ ಈ ಕಾಟವಿಲ್ಲ, ಅವನು ಲೆಕ್ಕವನ್ನೇ ಇಡುವುದಿಲ್ಲ. ಉಳಿಸುವವನಿಗೇ ಇದು ಹೆಚ್ಚು.

ನಾವು ವಾಣಿಜ್ಯ ಓದಿದವರು, ಆದ್ದರಿಂದ ಈ ಖಾತೆಯಲ್ಲಿ ತಪ್ಪೆಲ್ಲಿದೆ ಎಂದು ತೋರಿಸಬಲ್ಲೆವು. ಉಳಿದ ಹಣ ಹೆಸರಿಲ್ಲದ ಹಣವಲ್ಲ. ಅದರಲ್ಲಿ ಮುಂಗಾರಿನ ಬೀಜ-ಗೊಬ್ಬರ ಇದೆ, ಮಗಳ ಕಾಲೇಜಿನ ಫೀ ಇದೆ, ಸುಟ್ಟುಹೋಗಬಹುದಾದ ಬೋರಿನ ಮೋಟರು ಇದೆ, ಮುದುಕರ ಔಷಧವಿದೆ. ನಾವು ನಡೆದು ಉಳಿಸಿದ ಹತ್ತು ರೂಪಾಯಿ ನಮಗೆ ನಾವೇ ಕೊಟ್ಟುಕೊಂಡ ಸಾಲವಲ್ಲ, ಅದನ್ನು ಬಡ್ಡಿಸಮೇತ ವಸೂಲು ಮಾಡಲು ಜವಳಿ ಅಂಗಡಿಗೆ ಹೋಗುವಂತಿಲ್ಲ.

ಇನ್ನೊಂದು ಲೆಕ್ಕ. ಒಂಬತ್ತು ನೂರು ರೂಪಾಯಿಯ ನೂಲಿನ ಸೀರೆಯನ್ನು ನೂರೈವತ್ತು ಸಲ ಉಟ್ಟರೆ ಒಂದು ಸಲಕ್ಕೆ ಆರು ರೂಪಾಯಿ ಬಿದ್ದಂತಾಯಿತು. ಹನ್ನೆರಡು ಸಾವಿರದ ರೇಷ್ಮೆ ಸೀರೆ ಹತ್ತು ವರ್ಷದಲ್ಲಿ ಆರು ಸಲ ಹೊರಗೆ ಬಂದರೆ ಪ್ರತಿ ಸಲಕ್ಕೆ ಎರಡು ಸಾವಿರ. ಬಸ್ತಾಕ್ಕೆಂದು ಐವತ್ತು ಸಾವಿರ ಕೈಗಡ ತಂದು ತಿಂಗಳಿಗೆ ನೂರಕ್ಕೆ ಎರಡರಂತೆ ಬಡ್ಡಿ ಕಟ್ಟಿದರೆ ವರ್ಷಕ್ಕೆ ಹನ್ನೆರಡು ಸಾವಿರ, ಅಂದರೆ ಉಡದೆ ಇರುವ ಇನ್ನೊಂದು ರೇಷ್ಮೆ ಸೀರೆ. ಮಾರಾಟವಾಗದ ಮಾಲು ಗೋದಾಮಿನಲ್ಲಿ ಕುಳಿತರೆ ವ್ಯಾಪಾರಿ ಭಕ್ತರಿಗೆ ರಾತ್ರಿ ನಿದ್ರೆ ಬರುವುದಿಲ್ಲ. ಅವರ ಮನೆಯ ಕಪಾಟಿನಲ್ಲಿ ಅದೇ ತರಹದ ಮಾಲು ಕುಳಿತಿದ್ದರೆ ಮಾತ್ರ ಸುಖವಾಗಿ ಮಲಗುತ್ತಾರೆ! ಇದು ಹೆಂಗಸರ ಮಾತಷ್ಟೇ ಎಂದು ಗಂಡಸರು ಮೀಸೆ ತಿರುವಬೇಕಾಗಿಲ್ಲ. ಗರಿಗರಿ ಬಿಳಿ ಅಂಗಿಗಳನ್ನು ಡಜನ್‌ಗಟ್ಟಲೆ ತೂಗುಹಾಕಿಕೊಂಡವರೂ ನಮ್ಮಲ್ಲೇ ಇದ್ದಾರೆ.

ಹಾಗೆಂದು ಅರಿವೆಯನ್ನು ತುಚ್ಛವಾಗಿ ಕಾಣುವುದೂ ಸರಿಯಲ್ಲ. ಹರಿದ ಅಂಗಿಯಲ್ಲಿ ಬ್ಯಾಂಕಿಗೆ ಹೋದ ರೈತನನ್ನು ಎಷ್ಟು ಹೊತ್ತು ಹೊರಗೆ ನಿಲ್ಲಿಸುತ್ತಾರೆಂಬುದು ಹೋದವನಿಗೇ ಗೊತ್ತು. ಗಡಿಭಾಗದಲ್ಲಿರುವ ನಮಗೆ ಇದು ಇನ್ನಷ್ಟು ಸತ್ಯ. ಮನೆಯ ಮಾತು ಕನ್ನಡ, ಕಚೇರಿಯ ಮಾತು ಮರಾಠಿ. ಮಾತು ತಡವರಿಸುವ ಕಡೆ ನೆಟ್ಟಗಿನ ಬಟ್ಟೆ ಒಂದಿಷ್ಟು ಧೈರ್ಯ ಕೊಡುತ್ತದೆ. ಮಗ ಸಂದರ್ಶನಕ್ಕೆ ಹೊರಟಾಗ ಒಂದು ಒಳ್ಳೆಯ ಪ್ಯಾಂಟು ಅಂಗಿ ಹೊಲಿಸುವುದು ದುಂದಲ್ಲ. ನಾಲ್ಕು ಜನರ ನಡುವೆ ಮಾನದಿಂದ ನಿಲ್ಲಲು ಬೇಕಾದದ್ದು ಒಂದು, ನಾಲ್ಕು ಜನರಿಗಿಂತ ಮೇಲೆ ಕಾಣಲು ಬೇಕಾದದ್ದು ಇನ್ನೊಂದು. ಮೊದಲನೆಯದಕ್ಕೆ ಎರಡು ಮೂರು ಜೊತೆಯಲ್ಲಿ ಮಿತಿ ಸಿಗುತ್ತದೆ. ಎರಡನೆಯದಕ್ಕೆ ಮಿತಿಯೇ ಇಲ್ಲ, ಏಕೆಂದರೆ ಆ ನಾಲ್ಕು ಜನರೂ ಅದೇ ಅಂಗಡಿಗೆ ಹೋಗಿರುತ್ತಾರೆ.

ನಮ್ಮ ಅಜ್ಜಿಯರ ಕಾಲದಲ್ಲಿ ಒಳ್ಳೆಯ ಅರಿವೆಗೆ ಹಣ ಹಾಕುತ್ತಿರಲಿಲ್ಲವೆಂದಲ್ಲ. ಇಳಕಲ್ ಸೀರೆಯ ಒಡಲಿನ ಹಾಸನ್ನೂ ಸೆರಗಿನ ಹಾಸನ್ನೂ ಕೊಂಡಿ ಹಾಕಿ ಜೋಡಿಸುವ ನೇಕಾರನ ಕೆಲಸಕ್ಕೆ ಬೆಲೆ ಇದ್ದೇ ಇತ್ತು. ಆದರೆ ಕೊಂಡದ್ದನ್ನು ಉಡುತ್ತಿದ್ದರು. ಮೊದಲು ಹಬ್ಬಕ್ಕೆ, ಆಮೇಲೆ ಸಂತೆಗೆ, ಆಮೇಲೆ ಹೊಲಕ್ಕೆ. ಮೆತ್ತಗಾದ ಮೇಲೆ ಬಾಣಂತಿಯ ಮನೆಗೆ, ಕೂಸಿನ ತೊಟ್ಟಿಲಿಗೆ, ಕಡೆಗೆ ನಾಲ್ಕಾರು ಪದರು ಸೇರಿಸಿ ಕೌದಿಗೆ. ಆ ಕೌದಿ ಹೊದ್ದು ಮತ್ತೊಂದು ತಲೆಮಾರು ಮಲಗಿತು. ಈಗಿನ ಪಾಲಿಯೆಸ್ಟರ್ ಸೀರೆ ಬೆವರು ಹೀರುವುದಿಲ್ಲ, ಸೂಜಿಯ ಕೆಳಗೆ ಜಾರುತ್ತದೆ, ಕೌದಿಗೆ ಅಷ್ಟಾಗಿ ಒಗ್ಗುವುದಿಲ್ಲ.

ಇನ್ನು ಆಹೇರದ ಸೀರೆಗಳ ಮಾತಂತೂ ಕೇಳಲೇಬೇಡಿ. ಉಡಬೇಕೆಂದು ಯಾರೂ ಕೊಳ್ಳುವುದಿಲ್ಲ, ಉಡುತ್ತಾರೆಂದು ಯಾರೂ ಕೊಡುವುದಿಲ್ಲ. ಒಬ್ಬರ ಟ್ರಂಕಿನಿಂದ ಇನ್ನೊಬ್ಬರ ಟ್ರಂಕಿಗೆ, ಅಲ್ಲಿಂದ ಮೂರನೆಯ ಮದುವೆಗೆ, ಪ್ಯಾಕೆಟ್ಟಿನ ಪ್ಲಾಸ್ಟಿಕ್ಕೂ ಬಿಚ್ಚದೆ ಸಂಚಾರ ಮಾಡುತ್ತಿರುತ್ತವೆ. ಕೊಟ್ಟ ಮನೆಗೇ ತಿರುಗಿ ಬಂದು ನಗೆಪಾಟಲಾದ ಉದಾಹರಣೆಗಳು ಊರಿಗೊಂದು ಇವೆ. ಆದರೂ ನಿಲ್ಲಿಸುವ ಧೈರ್ಯ ಯಾರಿಗೂ ಇಲ್ಲ, ಮೊದಲು ನಿಲ್ಲಿಸಿದವರು ಜಿಪುಣರೆನಿಸಿಕೊಳ್ಳಬೇಕಲ್ಲ! ಇಲ್ಲಿ ಒಬ್ಬ ಗೃಹಸ್ಥನ ಸಂಯಮ ಸಾಲದು. ಎರಡು ಬೀಗರು ಮದುವೆಯ ಮಾತುಕತೆಯ ದಿನವೇ ಕುಳಿತು ‘ನಮ್ಮಲ್ಲಿ ಆಹೇರ ಬೇಡ’ ಎಂದು ಒಪ್ಪಿಕೊಂಡು, ಲಗ್ನಪತ್ರಿಕೆಯಲ್ಲಿ ಒಂದು ಸಾಲು ಅಚ್ಚು ಹಾಕಿಸಿದರೆ ಇಬ್ಬರ ಮಾನವೂ ಉಳಿಯುತ್ತದೆ.

ಅಗ್ಗದ ಮೋಹ ಬೇರೆ. ಆಷಾಢದ ರಿಯಾಯಿತಿ, ಎರಡು ಕೊಂಡರೆ ಒಂದು ಪುಕ್ಕಟೆ, ಈಗಂತೂ ಮೊಬೈಲಿನಲ್ಲಿಯೇ ಅಂಗಡಿ, ನೋಟು ಎಣಿಸದೆ ಹಣ ಹೋಗಿಬಿಡುತ್ತದೆ. ಆಯ್ದಕ್ಕಿ ಮಾರಯ್ಯನ ಕಥೆಯನ್ನು ಇಲ್ಲಿ ನೆನೆಯಬೇಕು. ಬಿದ್ದ ಅಕ್ಕಿಯನ್ನು ಆಯ್ದು ತರುವ ಕಾಯಕದವನು ಒಂದು ದಿನ ಎಂದಿಗಿಂತ ಹೆಚ್ಚು ತಂದಾಗ ಲಕ್ಕಮ್ಮ ಅದನ್ನು ತಿರುಗಿ ಅಲ್ಲಿಯೇ ಸುರಿದು ಬರಲು ಕಳಿಸಿದಳು. ಆ ಅಕ್ಕಿಗೆ ಅವರು ಒಂದು ಕಾಸೂ ಕೊಟ್ಟಿರಲಿಲ್ಲ! ಪುಕ್ಕಟೆ ಸಿಕ್ಕಿದ್ದರೂ ಬೇಡದ್ದು ಬೇಡದ್ದೇ ಎಂದವಳ ಮುಂದೆ ಶೇಕಡಾ ಐವತ್ತು ರಿಯಾಯಿತಿಯ ಬೋರ್ಡು ನಿಲ್ಲುವುದು ಕಷ್ಟ. ಆಕೆ ಬಡವಳು, ಮನೆಯಲ್ಲಿ ಇನ್ನಷ್ಟು ಇರಲಿ ಎನ್ನಲು ಎಲ್ಲ ಕಾರಣಗಳಿದ್ದವು ಎಂಬುದನ್ನೂ ಮರೆಯಬಾರದು.

ಸಂಕ್ರಾಂತಿಗೆ ಸೊಲ್ಲಾಪುರದಲ್ಲಿ ಸಿದ್ಧರಾಮೇಶ್ವರರ ಗಡ್ಡದ ಜಾತ್ರೆ ನೋಡಿದವರಿಗೆ ನಂದಿಧ್ವಜಗಳ ಮೆರವಣಿಗೆ ಗೊತ್ತು. ಧ್ವಜ ಹೊರುವವರು ಬಿಳಿ ಬಾರಾಬಂದಿ ತೊಟ್ಟು ಬರುತ್ತಾರೆ. ಆ ಬಿಳುಪಿನ ನಡುವೆ ಪೇಟೆಯ ಸಾವಕಾರ ಯಾರು, ಕೂಲಿಯವ ಯಾರು ಎಂದು ದೂರದಿಂದ ಹೇಳಲಾಗುವುದಿಲ್ಲ. ಆ ಒಂದು ದಿನ ಅರಿವೆಯ ಪೈಪೋಟಿ ಇಲ್ಲದ್ದರಿಂದ ಜಾತ್ರೆಯ ಕಳೆಯೇನೂ ಕುಂದುವುದಿಲ್ಲ. ಸಾಮೂಹಿಕ ವಿವಾಹಗಳಲ್ಲಿ ವಧುಗಳೆಲ್ಲರಿಗೂ ಒಂದೇ ಬಗೆಯ ಸೀರೆ ಕೊಡುವುದರ ಹಿಂದಿನ ವಿಚಾರವೂ ಇದೇ. ಬಡವರ ಮಕ್ಕಳಿಗಷ್ಟೇ ಅದು ತಕ್ಕದ್ದು ಎಂಬ ಉಳ್ಳವರ ಭಾವನೆ ಇನ್ನೂ ಹೋಗಿಲ್ಲವೆನ್ನುವುದೇ ಖೇದ.

ಜವಳಿ ವ್ಯಾಪಾರದ ಭಕ್ತರು ನಮ್ಮ ಮೇಲೆ ಮುನಿಯಬಾರದು. ಕೊಳ್ಳುವುದೇ ಬೇಡವೆಂದರೆ ಮಗ್ಗದವರ ಹೊಟ್ಟೆಯ ಗತಿಯೇನೆಂದು ಅವರು ಕೇಳುವುದು ನ್ಯಾಯವೇ. ಆದರೆ ಉಡದೆ ಕಟ್ಟಿಟ್ಟ ಹತ್ತು ಅಗ್ಗದ ಸೀರೆಯ ಹಣದಲ್ಲಿ ಉಡುವಂಥ ಎರಡು ಕೈಮಗ್ಗದ ಸೀರೆ ಕೊಂಡರೆ ನೇಕಾರನಿಗೆ ನಷ್ಟವಿಲ್ಲ. ಉದ್ರಿ ಬಾಕಿ ವಸೂಲಿಗೆ ಅಲೆಯುವ ತಾಪತ್ರಯ ಅಂಗಡಿಯವರಿಗೂ ತಪ್ಪುತ್ತದೆ.

ಅಂಗಡಿಗೆ ಹೊರಡುವ ಮುನ್ನ ಮನೆಯ ಟ್ರಂಕು ತೆಗೆದು ಒಂದೊಂದಾಗಿ ಎಣಿಸಿ ನೋಡುವುದು ಬಹಳ ಉಪಯುಕ್ತ. ಬೇಕಾದದ್ದನ್ನು ಚೀಟಿಯಲ್ಲಿ ಬರೆದು, ಅಷ್ಟೇ ಹಣ ಕಿಸೆಯಲ್ಲಿಟ್ಟುಕೊಂಡು ಹೋಗಿರಿ. ಚೀಟಿಯಲ್ಲಿಲ್ಲದ್ದು ಕಣ್ಣಿಗೆ ಬಿದ್ದರೆ ಹದಿನೈದು ದಿನ ತಾಳಿ, ಆಗಲೂ ನೆನಪಿದ್ದರೆ ಮುಂದಿನ ಸಂತೆಗೆ ತಂದರಾಯಿತು.

ಮಠಕ್ಕೆ ಸಂಬಂಧಿಸಿದ್ದೂ ಒಂದು ಇದೆ. ಕಾರ್ಯಕ್ರಮಗಳಲ್ಲಿ ಶ್ರೀಗಳಿಗೂ ಅತಿಥಿಗಳಿಗೂ ಭಕ್ತರು ಹೊದಿಸುವ ಜರಿಯ ಶಾಲುಗಳು ಮಠದ ಕಪಾಟಿನಲ್ಲಿ ಹಿಡಿಸಲಾರದಷ್ಟಾಗಿವೆ. ತೆಳ್ಳಗಿನ ಆ ಶಾಲು ಚಳಿಗೂ ಆಗದು, ಹಾಸಲಿಕ್ಕೂ ಆಗದು. ಶಾಲು ತರಬೇಕೆಂದಿರುವವರು ಅದೇ ಹಣಕ್ಕೆ ಒಂದು ಸೊಲ್ಲಾಪುರ ಚಾದರ ತಂದುಕೊಡಲಿ. ಕಾರ್ತಿಕ ಕಳೆದ ಮೇಲೆ ಪ್ರಸಾದ ನಿಲಯದ ಮಕ್ಕಳು ಬೆಳಗಿನ ಜಾವ ಮುದುರಿಕೊಂಡು ಮಲಗಿರುತ್ತಾರೆ. ಚಾದರಗಳನ್ನು ಕಾರ್ಯಾಲಯದಲ್ಲಿ ಕೊಟ್ಟು ಪಾವತಿ ಪಡೆಯಬಹುದು.