ನಟನೆಯಲ್ಲದ್ದು

ಓದುಗರೇ, ‘ಸಿನಿಮಾ ತಾನೇ, ಎಲ್ಲವೂ ನಟನೆ, ನೋಡಿದರೆ ಯಾರಿಗೇನು ನಷ್ಟ?’ ಎಂದು ನೀವು ಕೇಳಬಹುದು. 1992ರ ಹಾಲಿವುಡ್ ಚಿತ್ರ ‘ಬೇಸಿಕ್ ಇನ್‌ಸ್ಟಿಂಕ್ಟ್’ ಅನ್ನೇ ತೆಗೆದುಕೊಳ್ಳಿ. ಕೊಲೆ, ರಕ್ತ, ನಗ್ನತೆ ಎಲ್ಲವೂ ಅದರಲ್ಲಿವೆ. ಚಿತ್ರೀಕರಣದ ವೇಳೆಯಲ್ಲೇ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಪ್ರತಿಭಟನೆಗಳಾದವು. ಆ ಗದ್ದಲವೂ ಚಿತ್ರಕ್ಕೆ ಜಾಹೀರಾತೇ ಆಯಿತೆನ್ನಿ.

ಅದಿರಲಿ. ನಾಯಕಿ ಶರಾನ್ ಸ್ಟೋನ್ 2021ರ ತಮ್ಮ ಆತ್ಮಕಥೆಯಲ್ಲಿ ಒಂದು ಸಂಗತಿ ಬರೆದಿದ್ದಾರೆ. ಬಿಳಿ ಒಳಉಡುಪು ಬೆಳಕನ್ನು ಪ್ರತಿಫಲಿಸುತ್ತದೆ, ಕಳಚಿಡಿ, ಏನೂ ಕಾಣುವುದಿಲ್ಲ ಎಂದು ನಂಬಿಸಿ ಪೊಲೀಸ್ ವಿಚಾರಣೆಯ ದೃಶ್ಯವನ್ನು ತೆಗೆಯಲಾಯಿತಂತೆ. ಸಿದ್ಧವಾದ ಚಿತ್ರ ನೋಡಿದಾಗಲೇ ಆಕೆಗೆ ನಿಜ ತಿಳಿದದ್ದು. ಬಳಿಕ ದೃಶ್ಯ ಉಳಿಯಲು ಬಿಟ್ಟವರೂ ಆಕೆಯೇ. ನಿರ್ದೇಶಕ ಪೌಲ್ ವರ್ಹೋವನ್ ಈ ಆರೋಪವನ್ನು ಅಲ್ಲಗಳೆದಿದ್ದಾರೆ.

ಯಾರ ಮಾತು ನಿಜವೆಂದು ತೀರ್ಪು ಹೇಳಲು ನಾವು ಅಲ್ಲಿರಲಿಲ್ಲ. ಆದರೆ ಯೋಚಿಸಿ: ತೆರೆಯ ಮೇಲಿನ ರಕ್ತ ಬಣ್ಣದ ನೀರು, ಕೊಲೆಯಾದವನು ಎದ್ದು ಮನೆಗೆ ಹೋಗಿದ್ದಾನೆ. ದೇಹ ಮಾತ್ರ ಆಕೆಯದೇ, ಅದು ನಟನೆಯಲ್ಲ. ಕುರ್‌ಆನಿನ ಅನ್ನೂರ್ ಅಧ್ಯಾಯದಲ್ಲಿ ದೃಷ್ಟಿ ತಗ್ಗಿಸುವ ಆಜ್ಞೆ ಮೊದಲು ಬಂದಿರುವುದು ಪುರುಷರಿಗೆ. ಅದು ನೋಡುವವನ ಮನಶ್ಶುದ್ಧಿಗೆ ಮಾತ್ರವೆಂದು ನಾವು ಬೋಧಿಸುತ್ತೇವೆ. ನೋಡಲ್ಪಡುವವಳ ಮಾನಕ್ಕೂ ಅದು ಕಾವಲಲ್ಲವೇ? ಹಾಗಿದ್ದರೆ, ಆಕೆಯೇ ಮೋಸವೆಂದು ಕರೆದ ದೃಶ್ಯವನ್ನು ನೋಡಲು ನಮಗೆ ಅನುಮತಿ ಕೊಟ್ಟವರು ಯಾರು, ಟಿಕೆಟ್ ಮಾರಿದವನೇ?